ಅಕ್ಕನ ನಾಲಿಗೆ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸ್ವತಃ ಶಾಲೆಗೆ ಹೋಗಿದ್ದೂ ಅಷ್ಟಕ್ಕಷ್ಟೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುಕಿಕೊಂಡಿರುವ ಕಾಫಿ ಅಂಗಡಿಯಲ್ಲಿ ಎಸ್ಪ್ರೆಸೊ ಮಷೀನಿನ ಮುಂದೆ ನಿಂತು ನಿಂತೇ ತಲೆ ನರೆಸಿಕೊಂಡವರು. ಭಾನುವಾರ ಬೆಳಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮೊದಲು, ಕಾಫಿಯ ಬಗ್ಗೆ ಕುತೂಹಲ ಇರುವ ನಾಲ್ಕು ಜನರನ್ನು ಕೂರಿಸಿಕೊಂಡು ಎಸ್ಪ್ರೆಸೊ ಅಂದರೆ ಏನು ಎತ್ತ ಎಂದು ಹೇಳಿಕೊಡುತ್ತಿದ್ದರು. ಆ ಪಾಠದಿಂದ ಅಂಟಿಕೊಂಡ ಹೆಸರು ಅದು. ಹುಟ್ಟಿದಾಗ ಇಟ್ಟ ಹೆಸರು ಅಕ್ಕನೊಬ್ಬಳಿಗೆ ಗೊತ್ತಿತ್ತು, ಅವಳೂ ‘ಲೋ’ ಅನ್ನುವುದರಲ್ಲೇ ಕೆಲಸ ಮುಗಿಸುತ್ತಿದ್ದಳು.

ಅಂಗಡಿ ಅಕ್ಕನದು. ಮಷೀನು ತಂದವರು ಭಾವ. ಯಾವುದೋ ಹೋಟೆಲು ಮುಚ್ಚಿದಾಗ ಅರ್ಧ ಬೆಲೆಗೆ ಸಿಕ್ಕಿತೆಂದು ಗಾಡಿಯ ಮೇಲೆ ಹೇರಿಕೊಂಡು ಬಂದು ಇಳಿಸಿದರು. ಅದನ್ನು ನಡೆಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ, ಬೀದಿಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಬಿದ್ದಿದ್ದ ತಮ್ಮನೇ ಅದರ ಹಿಂದೆ ಬಿದ್ದ. ಕೈ ಸುಟ್ಟುಕೊಂಡ, ಗೋಡೆಗೆಲ್ಲ ಕಾಫಿ ಸಿಡಿಸಿದ, ಭಾವನ ಕೈಯಲ್ಲಿ ಬೈಸಿಕೊಂಡ, ಕೊನೆಗೊಂದು ದಿನ ಅದನ್ನು ಪಳಗಿಸಿದ. ಭಾವ ತೀರಿಕೊಂಡ ಮೇಲೆ ಅಕ್ಕ ಗಲ್ಲಾದ ಮುಂದೆ ಕೂತಳು, ತಮ್ಮ ಮಷೀನಿನ ಮುಂದೆ ನಿಂತ. ಮದುವೆಯ ಮಾತು ಬಂದಾಗಲೆಲ್ಲ ‘ನನಗೆ ಇದರ ಜೊತೆಗೇ ಸಂಸಾರ ಸಾಕು’ ಎಂದು ಮಷೀನಿನ ಬೆನ್ನು ತಟ್ಟುತ್ತಿದ್ದ. ಹಾಗೆ ಅನ್ನುತ್ತ ಅನ್ನುತ್ತ ವಯಸ್ಸಾಯಿತು, ಕೇಳುವವರು ಕೇಳುವುದನ್ನು ಬಿಟ್ಟರು. ಅಂಗಡಿಯ ಹಿಂದಿನ ಕೋಣೆ ಅವರದು, ಮೇಲಿನ ಮನೆ ಅಕ್ಕನದು.

ಮೇಷ್ಟ್ರ ಪಾಠ ಕೇಳುವುದಕ್ಕೇ ಚೆನ್ನ. ಸೊಂಟದ ಮೇಲೆ ಕೈಯಿಟ್ಟು ಶುರು ಮಾಡುತ್ತಿದ್ದರು.

“ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಎಸ್ಪ್ರೆಸೊ ಅನ್ನೋದು ಬೇರೆ ಬೀಜ ಅಲ್ಲ, ಬೇರೆ ಹುರಿಯೋದೂ ಅಲ್ಲ. ಅದು ತೆಗೆಯೋ ರೀತಿ. ಮನೇಲಿ ಪುಡಿ ಮೇಲೆ ಬಿಸಿನೀರು ಹಾಕಿ ಬಿಡ್ತೀರಿ, ಅದು ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತೆ. ಇಲ್ಲಿ ಹಾಗಲ್ಲ. ಪುಡೀನ ನುಣ್ಣಗೆ ಬೀಸಿ, ಬಟ್ಟಲಲ್ಲಿ ತುಂಬಿ, ಗಟ್ಟಿಯಾಗಿ ಒತ್ತಿ, ಅದರ ಮೈಮೇಲೆ ಬಿಸಿನೀರನ್ನ ಒತ್ತಡದಲ್ಲಿ ನುಗ್ಗಿಸ್ತೀವಿ. ಅರ್ಧ ನಿಮಿಷ ಕೂಡ ಹಿಡಿಯಲ್ಲ. ಆ ಅರ್ಧ ನಿಮಿಷದಲ್ಲಿ ಬೀಜದ ಬಂಡವಾಳ ಎಲ್ಲ ಬಯಲು.”

ಆಮೇಲೆ ಮಾಡಿ ತೋರಿಸುತ್ತಿದ್ದರು. ಪುಡಿ ದಪ್ಪವಾದರೆ ನೀರು ಓಡಿಹೋಗುತ್ತದೆ, ಕಾಫಿ ಹುಳಿಯಾಗಿ ನೀರು ನೀರಾಗುತ್ತದೆ. ಅತಿ ನುಣ್ಣಗಾದರೆ ನೀರು ಒಳಗೇ ಉಸಿರುಕಟ್ಟಿ ತೊಟ್ಟು ತೊಟ್ಟಾಗಿ ಬೀಳುತ್ತದೆ, ಬಾಯಲ್ಲಿಟ್ಟರೆ ಕಹಿ ವಿಷ. ಎರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ, ಅದೂ ದಿನಕ್ಕೊಂದು ಕಡೆ. ಮೋಡ ಮುಸುಕಿದ ದಿನ ಒಂದು ಕಡೆ, ಒಣಗಾಳಿಯ ದಿನ ಇನ್ನೊಂದು ಕಡೆ. ಅದಕ್ಕೇ ಪ್ರತಿದಿನ ಬೆಳಗ್ಗೆ ಒಂದು ಕಪ್ಪು ತೆಗೆದು, ನಾಲಿಗೆಗೆ ಹಾಕಿ ನೋಡಿ, ಗ್ರೈಂಡರಿನ ತಿರುಪನ್ನು ಆಚೆಗೋ ಈಚೆಗೋ ತಿರುಗಿಸಬೇಕು. ನಾಲಿಗೆ ಒಪ್ಪುವವರೆಗೆ ಬೀದಿಗೆ ಕಾಫಿ ಇಲ್ಲ.

“ನಾಲಿಗೆ ಕೆಟ್ಟೋನು ಈ ಮಷೀನ್ ಮುಟ್ಟಬಾರದು,” ಎನ್ನುತ್ತಿದ್ದರು ಮೇಷ್ಟ್ರು. ಪ್ರತಿ ಭಾನುವಾರ ಅನ್ನುತ್ತಿದ್ದರು, ಬೇರೆ ದಿನವೂ ಅನ್ನುತ್ತಿದ್ದರು, ಯಾರೂ ಕೇಳದಿದ್ದರೂ ಅನ್ನುತ್ತಿದ್ದರು.

ಪಾಠದ ಕೊನೆಗೆ ನಾಲ್ಕು ಪುಟ್ಟ ಕಪ್ಪುಗಳು ಮೇಜಿಗೆ ಬರುತ್ತಿದ್ದವು. ಕಪ್ಪಿನಲ್ಲಿ ಎರಡು ಬೆರಳಿನಷ್ಟು ಕಾಫಿ, ಮೇಲೆ ಜೇನಿನ ಬಣ್ಣದ ದಟ್ಟ ನೊರೆ. ಹಾಲು ಸಕ್ಕರೆಯಲ್ಲಿ ಬೆಳೆದ ಬಾಯಿಗೆ ಅದು ಮೊದಲು ಕಪಾಳಕ್ಕೆ ಹೊಡೆದ ಹಾಗಿರುತ್ತದೆ. ಬಂದವರು ಮುಖ ಕಿವುಚುವ ಮೊದಲೇ ಮೇಷ್ಟ್ರು ಕೈಯೆತ್ತಿ ಎಚ್ಚರಿಸುತ್ತಿದ್ದರು. “ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ. ಮೊದಲನೇದು ನಾಲಿಗೆನ ಎಬ್ಬಿಸುತ್ತೆ, ಎರಡನೇದು ಅಭ್ಯಾಸ ಮಾಡಿಸುತ್ತೆ, ಮೂರನೇದರಲ್ಲಿ ಕಾಫಿ ಮಾತಾಡುತ್ತೆ. ಮೂರು ಗುಟುಕು ನನ್ನ ನಂಬಿ ಕುಡೀರಿ.” ಜನ ನಂಬಿ ಕುಡಿಯುತ್ತಿದ್ದರು. ಮೂರನೆಯ ಗುಟುಕಿಗೆ ಎಷ್ಟೋ ಮುಖಗಳು ಅರಳುತ್ತಿದ್ದವು. ಅದನ್ನು ನೋಡುವುದೇ ಅವರಿಗೆ ಒಂದು ವಾರದ ಸಂಬಳ.

ಇಷ್ಟೆಲ್ಲ ಊರಿಗೆ ಕಲಿಸಿದ ಮಹಾನುಭಾವ ಸ್ವಂತ ಅಕ್ಕನನ್ನು ಮಾತ್ರ ಲೆಕ್ಕಕ್ಕೇ ಇಡಲಿಲ್ಲ. ಅಕ್ಕನಿಗೆ ಉದ್ದನೆಯ ಲೋಟದ ತುಂಬ ಹಾಲು ಬೇಕು, ಚಮಚೆ ನಿಲ್ಲುವಷ್ಟು ಸಕ್ಕರೆ ಬೇಕು, ಅದರೊಳಗೆ ಕಾಫಿ ಹೆಸರಿಗೆ. ಎಂದಾದರೂ ಅವಳು ಆಸೆಪಟ್ಟು ‘ಎಲ್ಲಿ, ನನಗೂ ಒಂದು ತೊಟ್ಟು ಕೊಡೋ, ನೋಡ್ತೀನಿ’ ಅಂದರೆ ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. “ನಿನಗೇನು ಗೊತ್ತಾಗುತ್ತಕ್ಕಾ? ನಿನ್ನ ನಾಲಿಗೆಗೆ ಇದನ್ನ ಹಾಕೋದೂ ಒಂದೇ, ಮೋರಿಗೆ ಹಾಕೋದೂ ಒಂದೇ.” ಗಿರಾಕಿಗಳು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ತಮ್ಮನ ಮಾತಿಗೆ ಅಕ್ಕ ನಗದೆ ಇನ್ನೇನು ಮಾಡಿಯಾಳು?

ಆ ಚಳಿಗಾಲದಲ್ಲಿ ಮೇಷ್ಟ್ರಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರವೇ. ನೆಗಡಿ, ಮೈಕೈ ನೋವು, ಹಿಂದಿನ ಕೋಣೆಯಲ್ಲಿ ಮುಸುಕು ಹೊದ್ದು ಒಂದು ವಾರ. ಎದ್ದು ಅಂಗಡಿಗೆ ಬಂದ ದಿನ ಹೊಸ ಬೀಜದ ಚೀಲ ಬಂದಿತ್ತು. ಅಭ್ಯಾಸದಂತೆ ಹೊಲಿಗೆ ಬಿಚ್ಚಿ, ಕತ್ತಿನವರೆಗೆ ತಲೆಯನ್ನು ಒಳಗೆ ತೂರಿಸಿ ಉಸಿರೆಳೆದುಕೊಂಡರು. ಏನೂ ಇಲ್ಲ. ಮತ್ತೆ ಎಳೆದರು. ಖಾಲಿ ಪೆಟ್ಟಿಗೆಯಲ್ಲಿ ತಲೆಯಿಟ್ಟ ಹಾಗೆ. ನೆಗಡಿ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂದುಕೊಂಡರು. ಒಂದು ಎಸ್ಪ್ರೆಸೊ ತೆಗೆದು ಬಾಯಿಗೆ ಹಾಕಿಕೊಂಡರು. ಬಿಸಿ ಇತ್ತು, ದಪ್ಪಗಿತ್ತು, ಅಷ್ಟೆ. ಕಹಿಯೋ ಹುಳಿಯೋ ಒಂದೂ ತಿಳಿಯಲಿಲ್ಲ. ನಾಲಿಗೆಯ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು.

ವಾರ ಕಳೆಯಿತು, ತಿಂಗಳು ಕಳೆಯಿತು. ನೆಗಡಿ ಹೋಯಿತು, ಮೂಗು ಬರಲಿಲ್ಲ. ಬರೀ ಅಂದಾಜಿನ ಮೇಲೆ ತಿರುಪು ತಿರುಗಿಸುತ್ತ ಕಾಲ ತಳ್ಳಿದರು. ಅಕ್ಕನಿಗೆ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದರು. ಅವರು ಟಾರ್ಚು ಬಿಟ್ಟು ನೋಡಿ, ಕೆಲವರಿಗೆ ಹೀಗಾಗುತ್ತದೆ, ಒಳಗಿನ ನರ ಪೆಟ್ಟು ತಿಂದಿದೆ, ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದರು. “ಊಟ ಸೇರುತ್ತಲ್ಲ? ಹಾಗಾದ್ರೆ ಅಷ್ಟೇನೂ ತೊಂದರೆ ಇಲ್ಲ ಬಿಡಿ,” ಎಂದು ಸಮಾಧಾನವನ್ನೂ ಹೇಳಿದರು. ಡಾಕ್ಟರಿಗೇನು ಗೊತ್ತು! ಮೇಷ್ಟ್ರು ಬೀದಿಗೆ ಬಂದು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾಲಿಗೆ ಕೆಟ್ಟವನು ಮಷೀನ್ ಮುಟ್ಟಬಾರದು ಎಂದು ಊರಿಗೆಲ್ಲ ಸಾರಿದವರು ಅವರೇ. ಈ ವಯಸ್ಸಿನಲ್ಲಿ ಮಷೀನ್ ಬಿಟ್ಟರೆ ಅವರು ಯಾರು? ಅಕ್ಕನ ಮನೆಯಲ್ಲಿ ಬಿದ್ದಿದ್ದ ಕೆಲಸವಿಲ್ಲದ ತಮ್ಮ, ಮತ್ತೆ ಅದೇ. ಅದನ್ನು ನೆನೆಸಿಕೊಂಡೇ ಅವರಿಗೆ ಅಳು ಬಂತು, ಕಟ್ಟೆಯ ಮೇಲೆ ಕೂತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹೋಗುವವರು ಬರುವವರು ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ದಾಟಿಹೋದರು.

ಯಾರಿಗೂ ಹೇಳಬಾರದು ಎಂದು ಅಲ್ಲೇ ತೀರ್ಮಾನಿಸಿದರು. ಕೈ ಇದೆಯಲ್ಲ, ಕಣ್ಣಿದೆಯಲ್ಲ. ಕಾಫಿ ಬೀಳುವ ಧಾರೆಯ ಬಣ್ಣ ನೋಡಿ, ಮಷೀನಿನ ಗುಟುರು ಕೇಳಿ ಅರ್ಧ ಕೆಲಸ ಮಾಡಬಹುದು. ಉಳಿದ ಅರ್ಧಕ್ಕೆ ಒಂದು ನಾಲಿಗೆ ಬೇಕು. ಮಾರನೆಯ ಬೆಳಗ್ಗೆ ಮೊದಲ ಕಪ್ಪನ್ನು ತೆಗೆದುಕೊಂಡು ಹೋಗಿ ಗಲ್ಲಾದ ಮುಂದೆ ಇಟ್ಟರು.

“ಅಕ್ಕಾ, ಸ್ವಲ್ಪ ಕುಡಿದು ನೋಡು. ಹೇಗಿದೆ ಹೇಳು.”

ಅಕ್ಕ ತಲೆಯೆತ್ತಿ, ಕಪ್ಪನ್ನೊಮ್ಮೆ ತಮ್ಮನನ್ನೊಮ್ಮೆ ನೋಡಿದಳು. “ನನಗಾ? ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?”

“ತಮಾಷೆ ಸಾಕು, ಕುಡಿಯಕ್ಕಾ.”

ಅಕ್ಕ ಕುಡಿದಳು. ಕಣ್ಣು ಮುಚ್ಚಿ ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. “ಮುಂದುಗಡೆ ಹುಳಿ ಕಣೋ. ನಾಲಿಗೆ ತುದೀಲಿ ಚುರ್ ಅನ್ನುತ್ತೆ. ಅಲ್ವಾ?” ಎಂದು ಹೆದರಿಕೊಂಡೇ ಹೇಳಿದಳು. ಮೇಷ್ಟ್ರು ‘ಹೂಂ’ ಎಂದು, ಹೋಗಿ ಗ್ರೈಂಡರನ್ನು ಕೂದಲೆಳೆಯಷ್ಟು ನುಣ್ಣಗೆ ತಿರುಗಿಸಿ ಇನ್ನೊಂದು ಕಪ್ಪು ತಂದರು. “ಈಗ?” ಈಗ ಚೆನ್ನಾಗಿತ್ತು. ಅಕ್ಕನ ಮುಖವೇ ಹೇಳುತ್ತಿತ್ತು. ಹೇಳಬೇಕೆಂದರೆ, ಅಕ್ಕನ ನಾಲಿಗೆ ಅಪ್ಪಟ ನಾಲಿಗೆ. ಹಾಲು ಸಕ್ಕರೆಯ ಕೆಳಗೆ ಅದು ಇಷ್ಟು ವರ್ಷ ಸುಮ್ಮನೆ ಮಲಗಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಮೊದಲ ಕಪ್ಪು ಅಕ್ಕನದು. ಅವಳು ಹುಳಿ ಅಂದರೆ ಒಂದು ಕಡೆ, ಕಹಿ ಅಂದರೆ ಇನ್ನೊಂದು ಕಡೆ, ಅವಳು ಹೇಳಿದ ಹಾಗೆ ತಿರುಪು ತಿರುಗುತ್ತಿತ್ತು. ಬೀದಿಯವರಿಗೆ ಕಾಫಿ ಮೊದಲಿನಷ್ಟೇ ರುಚಿಯಾಗಿತ್ತು, ಇಬ್ಬರು ಮೂವರು ಮೊದಲಿಗಿಂತ ಚೆನ್ನಾಗಿದೆ ಎಂದೂ ಅಂದರು. ಎಲ್ಲರ ಕಣ್ಣಿಗೆ ಮಣ್ಣೆರಚಿದೆನೆಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು.

ಅಕ್ಕನಲ್ಲಿ ಆದ ಬದಲಾವಣೆ ಮಾತ್ರ ಅವರ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಕ್ಕ ಬೆಳಗ್ಗೆ ಬಾಯಿ ತೊಳೆದವಳೇ, ಬೇರೆ ಏನನ್ನೂ ಬಾಯಿಗೆ ಹಾಕದೆ ಇಳಿದು ಬರತೊಡಗಿದಳು. ಏನಾದರೂ ತಿಂದರೆ ರುಚಿ ಕೆಡುತ್ತದಂತೆ! ರಾತ್ರಿ ಊಟಕ್ಕೆ ಖಾರ ಬಿಟ್ಟಳು. ತನ್ನ ಲೋಟದ ಸಕ್ಕರೆಯನ್ನು ದಿನದಿನಕ್ಕೆ ಇಳಿಸುತ್ತ ಬಂದು, ಒಂದು ದಿನ ಸಕ್ಕರೆಯನ್ನೇ ನಿಲ್ಲಿಸಿದಳು. ದುಡ್ಡು ಕೊಡಲು ಬಂದ ಗಿರಾಕಿಗಳಿಗೆ, ಕೇಳಲಿ ಬಿಡಲಿ, “ಇವತ್ತಿನದು ನಾನೇ ನೋಡಿ ಹೇಳಿದ್ದು. ನನ್ನ ತಮ್ಮ ನಾನು ಹೂಂ ಅನ್ನೋವರೆಗೂ ಕಾಫಿ ಬಿಡಲ್ಲ,” ಎಂದು ಹೇಳುತ್ತಿದ್ದಳು. ಹೇಳುವಾಗ ಸೀರೆಯ ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು.

ಹೀಗೇ ಮಳೆಗಾಲದವರೆಗೆ ನಡೆಯಿತು.

ಒಂದು ಶನಿವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಮೇಷ್ಟ್ರು ಮಷೀನ್ ತೊಳೆಯುತ್ತಿದ್ದರು. ಎಸ್ಪ್ರೆಸೊ ಮಷೀನಿನ ಒಳಗಂಟಲಲ್ಲಿ ಕಾಫಿಯ ಜಿಡ್ಡು ಕಟ್ಟುತ್ತದೆ. ಅದನ್ನು ತೆಗೆಯುವುದಕ್ಕೆ ತೂತಿಲ್ಲದ ಒಂದು ಬಟ್ಟಲಿದೆ. ಅದರಲ್ಲಿ ಬಿಳಿಯ ಕ್ಲೀನಿಂಗ್ ಪುಡಿ ಹಾಕಿ, ಮಷೀನಿಗೆ ಸಿಕ್ಕಿಸಿ ನೀರು ಬಿಟ್ಟರೆ, ಹೊರಗೆ ಹೋಗಲು ದಾರಿಯಿಲ್ಲದ ನೀರು ಪುಡಿಯನ್ನು ಹೊತ್ತು ಹಿಂದಕ್ಕೆ ನುಗ್ಗಿ ಒಳಗೆಲ್ಲ ತೊಳೆಯುತ್ತದೆ. ಆಮೇಲೆ ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಬೇಕು. ಪುಡಿ ಒಂದು ಚಿಟಿಕೆ ಉಳಿದರೂ ಕಾಫಿಗೆ ಸೋಪಿನ ವಾಸನೆ. ಮೇಷ್ಟ್ರು ಕಾಫಿ ಇಳಿಯುವ ಎರಡೂ ಬಾಯಿಗಳಿಗೆ ಪುಡಿ ಬಿಟ್ಟು ಇನ್ನೇನು ಜಾಲಾಡಬೇಕು, ಅಷ್ಟರಲ್ಲಿ ಮೇಲಿನಿಂದ ಧಡಾರೆಂದು ಏನೋ ಬಿದ್ದ ಸದ್ದು. ಓಡಿಹೋಗಿ ನೋಡಿದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದಾಳೆ, ಮೈ ಕೆಂಡ. ಬೆಳಗ್ಗೆಯಿಂದ ಜ್ವರವಿತ್ತಂತೆ, ಹೇಳಿರಲಿಲ್ಲ. ಅವಳನ್ನು ಎತ್ತಿ ಮಲಗಿಸಿ, ಡಾಕ್ಟರನ್ನು ಕರೆತಂದು, ಮಾತ್ರೆ ನುಂಗಿಸಿ, ಒದ್ದೆಬಟ್ಟೆ ಹಾಕುತ್ತ ಕೂತರು. ಕೆಳಗಿನ ಮಷೀನು ಪೂರ್ತಿ ಮರೆತುಹೋಯಿತು. ಮರೆಯದೆ ಇದ್ದಿದ್ದರೆ ಅವನೆಂಥ ತಮ್ಮ?

ಬೆಳಗಾಗುವಾಗ ಜ್ವರ ಇಳಿದಿತ್ತು. ಅಕ್ಕ ಮಲಗಿದಲ್ಲಿಂದಲೇ ಕೇಳಿದಳು. “ಲೋ, ಇವತ್ತು ಪಾಠ ಇದೆಯಲ್ಲ. ಇಲ್ಲಿಗೇ ಒಂದು ಕಪ್ಪು ತಗೊಂಡು ಬಾ, ನೋಡಿ ಹೇಳ್ತೀನಿ.”

“ಜ್ವರದ ಬಾಯಿ ನಿನ್ನದು, ಏನು ಗೊತ್ತಾಗುತ್ತೆ? ನಾನು ನೋಡ್ಕೋತೀನಿ, ನೀನು ಮಲಗು,” ಎಂದು ಮೇಷ್ಟ್ರು ಕೆಳಗಿಳಿದರು.

ಬಾಗಿಲಲ್ಲಿ ನಾಲ್ಕು ಜನ ಆಗಲೇ ಕಾಯುತ್ತಿದ್ದರು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಕೊಡೆ ಹಿಡಿದ ಒಬ್ಬ ಬ್ಯಾಂಕಿನವರು, ಮತ್ತೆ ನರ್ಸಮ್ಮ. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾದವರು, ಒಂಟಿ ಹೆಂಗಸು. ಜೀವಮಾನವಿಡೀ ರಾತ್ರಿಪಾಳಿಯಲ್ಲಿ ಫ್ಲಾಸ್ಕಿನ ಆರಿದ ಕಾಫಿ ಕುಡಿದೆ, ಈಗಲಾದರೂ ಒಳ್ಳೆಯದು ಯಾವುದು ಅಂತ ತಿಳಿಯೋಣ ಎಂದು ಬಂದಿದ್ದೇನೆ ಅಂದರು. ಮೇಷ್ಟ್ರು ನಿದ್ದೆಗೆಟ್ಟ ಕಣ್ಣಿನಲ್ಲೇ ಮಷೀನ್ ಹಾಕಿದರು. ವಾಡಿಕೆಯಂತೆ ಒಂದು ಸಲ ನೀರು ಹರಿಸಿದರು. ನೀರು ಇಳಿಯುವ ಜಾಲರಿಯ ಹಿಂದೆ ರಾತ್ರಿಯೆಲ್ಲ ಒಣಗಿ ಗಟ್ಟಿಯಾಗಿದ್ದ ಪುಡಿ ಅಷ್ಟಕ್ಕೆಲ್ಲ ಹೋಗುವಂಥದ್ದಲ್ಲ. ಮೂಗಿದ್ದವನಿಗೆ ಆ ಹಬೆಯಲ್ಲೇ ಗೊತ್ತಾಗಿಬಿಡುತ್ತಿತ್ತು.

ಪಾಠ ಚೆನ್ನಾಗಿಯೇ ಆಯಿತು. ಪುಡಿ ಒತ್ತಿದರು, ಹಿಡಿಯಿರುವ ಬಟ್ಟಲನ್ನು ಮಷೀನಿಗೆ ಸಿಕ್ಕಿಸಿದರು, ಧಾರೆ ಬಿಟ್ಟರು. ನೊರೆ ಎಂದಿಗಿಂತ ಬೆಳ್ಳಗಿತ್ತು, ಗುಳ್ಳೆಗಳು ದಪ್ಪಗಿದ್ದವು. ಮೇಷ್ಟ್ರ ಕಣ್ಣು ಅದನ್ನು ಹಿಡಿಯಿತು. ಹಿಡಿದು ತಪ್ಪು ಅರ್ಥ ಮಾಡಿಕೊಂಡಿತು. ಹುರಿದು ಎರಡು ಮೂರು ದಿನವಾಗಿರದ ಬೀಜದಲ್ಲಿ ಗಾಳಿ ಜಾಸ್ತಿ, ಅದರ ನೊರೆ ಹೀಗೇ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಬೀಜ ಹಿಂದಿನ ದಿನವಷ್ಟೇ ಬಂದಿತ್ತು. ಕೆಲಸ ತಿಳಿಯದವನಾಗಿದ್ದರೆ ಅನುಮಾನಪಡುತ್ತಿದ್ದ. ಇವರು ಅದನ್ನೇ ಪಾಠ ಮಾಡಿಬಿಟ್ಟರು. “ನೋಡಿ ನೋಡಿ, ಈ ಗುಳ್ಳೆ ನೋಡಿ. ಹೊಸ ಬೀಜದ ಲಕ್ಷಣ ಇದು. ಹರೆಯದ ಹುಡುಗರ ಹಾಗೆ, ಸುಮ್ಮನೆ ಕೂರಲ್ಲ.” ಹೊಸ ಮದುವಣಗಿತ್ತಿ ಕಿಸಕ್ಕನೆ ನಕ್ಕಳು.

ನಾಲ್ಕು ಕಪ್ಪು ಮೇಜಿಗೆ ಬಂದವು, ಐದನೆಯದು ಮೇಷ್ಟ್ರ ಕೈಯಲ್ಲಿ. ಮೂರು ಗುಟುಕಿನ ಮಾತು ಹೇಳಿ, ಮೊದಲು ತಾವೇ ಗುಟುಕು ಗುಟುಕಾಗಿ ಪೂರ್ತಿ ಕುಡಿದರು. “ಆಹಾ. ಕಿತ್ತಳೆ ಸಿಪ್ಪೆ ಬಂತಾ? ಹಿಂದೆಯೇ ಸುಟ್ಟ ಸಕ್ಕರೆ?” ಎಂದರು. ಹಳೆಯ ನೆನಪಿನಿಂದ ತೆಗೆದು ಹೇಳಿದ ಮಾತು ಅದು. ಈಚೆಗೆ ಎಲ್ಲ ರುಚಿಯನ್ನೂ ಅವರು ನೆನಪಿನಿಂದಲೇ ಹೇಳುತ್ತಿದ್ದರು.

ಮದುವಣಗಿತ್ತಿ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಬ್ಯಾಂಕಿನವರು ಒಂದು ಗುಟುಕು ನುಂಗಿ, ಕಪ್ಪನ್ನು ಮೆಲ್ಲಗೆ ದೂರ ಸರಿಸಿದರು. ಗಂಡ ಮಾತ್ರ ಧೈರ್ಯ ಮಾಡಿದ. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದು ಸೋಪಿನ ನೀರಿದ್ದ ಹಾಗಿದೆ.”

ಮೇಷ್ಟ್ರಿಗೆ ರೇಗಿತು. “ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ ಅಂತ ಬಾಯಿ ಬಡ್ಕೊಂಡೆ ತಾನೇ? ಕುಡಿಯೋ ತಾಳ್ಮೆ ಇಲ್ಲದವರು ಯಾಕಾದರೂ ಬರ್ತೀರಿ? ಅವರನ್ನ ನೋಡಿ ಕಲೀರಿ.”

ಅವರೆಂದರೆ ನರ್ಸಮ್ಮ. ನರ್ಸಮ್ಮ ಮೇಷ್ಟ್ರ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮೊದಲನೆಯ ಗುಟುಕು, ಎರಡನೆಯ ಗುಟುಕು, ಕಣ್ಣಲ್ಲಿ ನೀರು ತಂದುಕೊಂಡು ಮೂರನೆಯ ಗುಟುಕು. ಮೂರಕ್ಕೂ ಕಾಫಿ ಮಾತಾಡಲಿಲ್ಲವೆಂದು ಕಾಣುತ್ತದೆ, ಉಳಿದಿದ್ದನ್ನೂ ಕುಡಿದು ಕಪ್ಪು ಬರಿದು ಮಾಡಿದರು. ತುಟಿಯ ಅಂಚಿನಲ್ಲಿ ಬಿಳಿ ನೊರೆ ನಿಂತಿತ್ತು. “ಚೆನ್ನಾಗಿದೆ ಮೇಷ್ಟ್ರೇ,” ಎಂದು ಎದ್ದು ನಿಂತವರು, ಎರಡು ಹೆಜ್ಜೆ ಹೋಗಿ ಬಾಗಿಲ ಚೌಕಟ್ಟು ಹಿಡಿದು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡರು.

ನೀರು ತರಲು ಕೌಂಟರಿನ ಹಿಂದೆ ಓಡಿದ ಮೇಷ್ಟ್ರಿಗೆ ಕಪ್ಪು ತೊಳೆಯುವ ತೊಟ್ಟಿಯ ಪಕ್ಕದಲ್ಲಿ ತೂತಿಲ್ಲದ ಬಟ್ಟಲು ಕಂಡಿತು. ಅದರ ಅಂಚಿಗೆಲ್ಲ ಬಿಳಿ ಪುಡಿ ಹಾಗೇ ಅಂಟಿಕೊಂಡಿತ್ತು. ನಿಂತ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನೆಲ ಎಲ್ಲಿ ಬಾಯಿ ಬಿಡುತ್ತದೆ, ನೀರು ತೆಗೆದುಕೊಂಡು ಹೊರಗೆ ಬರಲೇಬೇಕಾಯಿತು. ತಪ್ಪಾಯಿತು, ಮಷೀನ್ ತೊಳೆದ ಪುಡಿ ಉಳಿದುಬಿಟ್ಟಿದೆ ಎಂದು ನಾಲ್ವರಿಗೂ ಕೈಮುಗಿದರು. ಗಂಡ ಮೇಜಿನ ಮೇಲೆ ಬರಿದಾಗಿದ್ದ ಮೇಷ್ಟ್ರ ಕಪ್ಪನ್ನು ಒಂದು ಸಲ ನೋಡಿ, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ.

ನರ್ಸಮ್ಮನನ್ನು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಗಂಟಲು ಸ್ವಲ್ಪ ಸುಟ್ಟಿತ್ತು, ಜೀವಕ್ಕೇನೂ ಭಯವಿರಲಿಲ್ಲ. ಮಂಚದ ಮೇಲೆ ಒರಗಿಕೊಂಡು ಆಕೆಯೇ ಇವರಿಗೆ ಸಮಾಧಾನ ಹೇಳಿದರು. “ನನ್ನದೇ ತಪ್ಪು ಮೇಷ್ಟ್ರೇ. ನೀವು ಪೂರ್ತಿ ಕುಡಿದು ಕಿತ್ತಳೆ, ಸಕ್ಕರೆ ಅಂತ ಹೇಳ್ತಾ ಇದ್ರಿ. ನನ್ನ ನಾಲಿಗೆಗೇ ಏನೋ ಆಗಿದೆ, ವಯಸ್ಸಾಯ್ತು ಅಂದ್ಕೊಂಡೆ.”

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಆಕೆ ತನ್ನ ನಾಲಿಗೆಯನ್ನು ತಾನೇ ಅನುಮಾನಿಸುತ್ತ ಮನೆಗೆ ಹೋಗುವುದು ಅವರಿಗೆ ಸಹಿಸಲಾಗದ ಸಂಗತಿಯಾಯಿತು. “ನಿಮ್ಮ ನಾಲಿಗೆಗೆ ಏನೂ ಆಗಿಲ್ಲಮ್ಮ. ಹೋಗಿರೋದು ನನ್ನದು,” ಎಂದು, ಚಳಿಗಾಲದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು. ಹೇಳುವಾಗ ನೆಲವನ್ನೇ ನೋಡುತ್ತಿದ್ದರು.

ನರ್ಸಮ್ಮ ಬೈಯಲಿಲ್ಲ. “ಮನೇಲಿ ಯಾರಿಗೆ ಗೊತ್ತು ಇದು?” ಎಂದು ಕೇಳಿದರು.

“ಯಾರಿಗೂ ಇಲ್ಲ.”

“ಗ್ಯಾಸ್ ಸೋರಿದರೆ ಯಾರಿಗೆ ವಾಸನೆ ಬರುತ್ತೆ? ಹಳಸಿದ್ದು ತಿಂದರೆ ಯಾರಿಗೆ ಗೊತ್ತಾಗುತ್ತೆ? ದೊಡ್ಡವರಾಗಿ ಇಂಥದ್ದನ್ನ ಮುಚ್ಚಿಡ್ತಾರಾ? ಹೋಗಿ ಇವತ್ತೇ ಹೇಳಿ.”

ಮೇಷ್ಟ್ರು ಮೆಟ್ಟಿಲು ಹತ್ತಿ ಅಕ್ಕನ ಕೋಣೆಗೆ ಹೋದರು. ಅಕ್ಕ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಬೈಯುತ್ತಾಳೆ ಎಂದು ನಿರೀಕ್ಷಿಸಿದ್ದರು. ಬೈಗುಳಕ್ಕೆ ಮನಸ್ಸನ್ನು ಗಟ್ಟಿಮಾಡಿಕೊಂಡೇ ಹೋಗಿದ್ದರು. ಸೋಪಿನ ಕಾಫಿ, ನರ್ಸಮ್ಮನ ವಾಂತಿ, ಡಾಕ್ಟರು ಹೇಳಿದ ನರ, ಒಂದನ್ನೂ ಬಿಡದೆ ಹೇಳಿದರು. ಅಕ್ಕ ಬಟ್ಟಲನ್ನು ಮಂಚದ ಮೇಲೆ ಇಟ್ಟಳು.

“ಚಳಿಗಾಲದಿಂದಲಾ?” ಎಂದಳು.

“ಹೂಂ.”

“ಅಂದ್ರೆ ನನಗೆ ಮೊದಲ ಕಪ್ಪು ತಂದುಕೊಡೋಕೆ ಶುರು ಮಾಡಿದ್ಯಲ್ಲ, ಆವಾಗಿಂದ.”

“ಹೂಂ,” ಎಂದರು ಮೇಷ್ಟ್ರು ಮತ್ತೆ.

“ನಾನು ಏನು ಅಂದ್ಕೊಂಡಿದ್ದೆ ಗೊತ್ತೇನೋ?” ಅಕ್ಕನ ದನಿ ಏರಲಿಲ್ಲ. “ಇಷ್ಟು ವರ್ಷ ಆದ ಮೇಲೆ ನನ್ನ ತಮ್ಮನಿಗೆ ನನ್ನ ಮಾತಿಗೂ ಒಂದು ಬೆಲೆ ಇದೆ ಅಂತ ಅನ್ನಿಸ್ತು ಅಂದ್ಕೊಂಡಿದ್ದೆ. ಎಲ್ಲರ ಹತ್ತಿರ ಹೇಳ್ಕೊಂಡು ತಿರುಗಿದೆ. ಹುಚ್ಚಿ ಹಾಗೆ.”

“ಬೆಲೆ ಇದೆ ಅಕ್ಕಾ. ನಿನ್ನ ನಾಲಿಗೆ ನಿಜವಾಗಲೂ...”

“ಇರಲಿ ಬಿಡು. ನಿನಗೆ ಬೇರೆ ಗತಿ ಇರಲಿಲ್ಲ,” ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಮೇಷ್ಟ್ರು ಗಂಜಿ ಬಟ್ಟಲನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಮಷೀನ್ ಹೋಗುತ್ತದೆಂಬ ಭಯಕ್ಕೆ ಅಷ್ಟು ತಿಂಗಳು ಬಾಯಿ ಹೊಲಿದುಕೊಂಡಿದ್ದರಲ್ಲ, ಆ ಹೊತ್ತಿನಲ್ಲಿ ಅವರಿಗೆ ಮಷೀನಿನ ನೆನಪೇ ಬರಲಿಲ್ಲ. ಅಕ್ಕನ ಬೆನ್ನೊಂದೇ ಕಣ್ಣ ಮುಂದಿತ್ತು.

ಸೋಪಿನ ಕಾಫಿಯ ಸುದ್ದಿ ಬೀದಿಯಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಬೀಗದವನು ತಮಾಷೆ ಮಾಡಿದ, ಕನ್ನಡಕದವನು ಮೂಗು ಮುರಿದ, ನಾಲ್ಕು ಗಿರಾಕಿ ಕಡಿಮೆಯಾದರು. ಭಾನುವಾರದ ಪಾಠ ನಿಂತಿತು. ಅಕ್ಕ ಚೇತರಿಸಿಕೊಂಡು ಕೆಳಗಿಳಿದ ವಾರವೇ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಂಥದ್ದೇ ಮಷೀನ್ ನಡೆಸಿ ಅನುಭವವಿದ್ದ ಒಬ್ಬ ಹೆಂಗಸನ್ನು ಕೆಲಸಕ್ಕೆ ಗೊತ್ತುಮಾಡಿದಳು. ನರ್ಸಮ್ಮನೇ ಹೇಳಿ ಕಳಿಸಿದ್ದು. ತಮ್ಮನನ್ನು ಅಕ್ಕ ಹೋಗು ಅನ್ನಲಿಲ್ಲ. “ಕಪ್ಪು ತೊಳೆಯೋಕೆ, ಮೇಜು ಒರೆಸೋಕೆ ಒಬ್ಬರು ಬೇಕೇ ಬೇಕು,” ಅಂದಳು. ಮೇಷ್ಟ್ರು ತಲೆಯಾಡಿಸಿದರು.

ಕ್ಯಾಂಟೀನಿನ ಹೆಂಗಸು ಗಟ್ಟಿಗಿತ್ತಿ. ಬಂದ ಮೊದಲ ದಿನವೇ ಮಷೀನನ್ನು ಬಿಚ್ಚಿ ಜಾಲರಿ ಉಜ್ಜಿ, ಮತ್ತೆ ಜೋಡಿಸಿ, ಜಾಲಾಡಿಸಿದಳು. ಪುಡಿ ಒತ್ತಿ ಮೊದಲ ಕಪ್ಪು ತೆಗೆದಳು. ಗಲ್ಲಾದ ಹಿಂದೆ ಕೂತಿದ್ದ ಅಕ್ಕ ನೋಟು ಜೋಡಿಸುವುದನ್ನು ನಿಲ್ಲಿಸಿ, ಅರಿವಿಲ್ಲದೆಯೇ ನೆಟ್ಟಗಾಗಿ, ಕೈಯನ್ನು ಸ್ವಲ್ಪ ಮುಂದೆ ಚಾಚಿದಳು. ಆ ದಿನವೂ ಅವಳು ಏನೂ ತಿನ್ನದೆ ಇಳಿದು ಬಂದಿದ್ದಳು. ಹೆಂಗಸಿಗೆ ಅದೆಲ್ಲ ಏನು ಗೊತ್ತು? ಅವಳು ಕಪ್ಪನ್ನು ತನ್ನ ಬಾಯಿಗೇ ಇಟ್ಟುಕೊಂಡು, ಒಂದು ಗುಟುಕು ಹೀರಿ, ಮುಖ ಸಿಂಡರಿಸಿ, ಉಳಿದಿದ್ದನ್ನು ತೊಟ್ಟಿಗೆ ಸುರಿದಳು. ತಿರುಪು ತಿರುಗಿಸಿ ಇನ್ನೊಂದು ತೆಗೆದಳು. ಅದನ್ನೂ ತಾನೇ ನೋಡಿ ತಲೆಯಾಡಿಸಿದಳು. ಅಕ್ಕನ ಕೈ ಹಿಂದಕ್ಕೆ ಹೋಗಿ ಮತ್ತೆ ನೋಟುಗಳ ಮೇಲೆ ಕೂತಿತು.

ಕಪ್ಪು ಒರೆಸುತ್ತ ನಿಂತಿದ್ದ ಮೇಷ್ಟ್ರು ಅದನ್ನು ನೋಡಿದರು. ಮಷೀನ್ ಕಳೆದುಕೊಂಡಾಗಲೂ ಆಗದಷ್ಟು ಸಂಕಟ ಅವರಿಗೆ ಈಗ ಆಯಿತು. ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಆ ಹೆಂಗಸನ್ನು ಕೇಳಿ ಇನ್ನೊಂದು ಎಸ್ಪ್ರೆಸೊ ತೆಗೆಸಿ, ತಟ್ಟೆಯಲ್ಲಿಟ್ಟು ಗಲ್ಲಾದ ಹತ್ತಿರ ಹೋದರು.

“ಅಕ್ಕಾ, ಒಂದು ಸಲ ನೋಡಿ ಹೇಳು. ಹೇಗಿದೆ?”

ಅಕ್ಕ ಕಪ್ಪಿನ ಕಡೆ ನೋಡಿದಳು. ತಮ್ಮನ ಮುಖ ನೋಡಲಿಲ್ಲ.

“ಯಾಕೋ? ಅವಳ ನಾಲಿಗೆ ಚೆನ್ನಾಗಿಯೇ ಇದೆಯಲ್ಲ,” ಎಂದಳು.

ಹಾಗೆಂದು, ನಿಂತಿದ್ದ ಗಿರಾಕಿಯ ಕೈಯಿಂದ ದುಡ್ಡು ತೆಗೆದುಕೊಂಡು ಚಿಲ್ಲರೆ ಹುಡುಕತೊಡಗಿದಳು. ಅವಳು ಮತ್ತೆ ಈ ಕಡೆ ತಿರುಗಬಹುದೆಂದು ಮೇಷ್ಟ್ರು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು, ದಾರಿಗೆ ಅಡ್ಡವಾಗಿದ್ದೀರಿ ಎಂದು ಯಾರೋ ಹೇಳಿದರು. ಕಾಫಿ ಆರಿತು, ಮೇಷ್ಟ್ರು ಅದನ್ನು ತೊಟ್ಟಿಗೆ ಸುರಿದು ಕಪ್ಪು ತೊಳೆದರು.